ಸಾನಕ್ಕ ಮುಚ್ಚಿದ ಡಬ್ಬಿ

ವಿಮಾನದ ಸದ್ದು ಕೇಳಿದರೆ ಸಾನಕ್ಕ ಮೊದಲು ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು. ತಲೆ ಎತ್ತಿ ಆಕಾಶ ನೋಡುತ್ತಿದ್ದದ್ದು ಆಮೇಲೆ. ಬಾಂಬು ಬೀಳುತ್ತಿದ್ದದ್ದು ಹೊಳೆಯ ಆಚೆ, ಬರ್ಮಾದಲ್ಲಿ. ಅವಳ ಅಂಗಡಿ ಇದ್ದದ್ದು ಈಚೆ, ಥಾಯ್ಲೆಂಡಿನ ದಡದಲ್ಲಿ. ಆದರೂ ಅವಳ ತಗಡಿನ ಸೂರು ಅದುರಿ ತುಕ್ಕಿನ ಪುಡಿ ಉದುರುತ್ತಿತ್ತು. "ಬಾಂಬು ನನ್ನ ಕೈಲಿಲ್ಲ ತಂಬಿ, ಸಾರು ನನ್ನ ಕೈಲಿದೆ" ಎನ್ನುತ್ತಿದ್ದಳು.

ಈಗ ಅಜ್ಜಂಪುರದ ನಮ್ಮ ಮನೆಯ ಹಿಂದಿನ ಹೊಲಕ್ಕೆ ಯಾರಾದರೂ ಡ್ರೋನಿನಲ್ಲಿ ಔಷಧಿ ಹೊಡೆಸಿದರೆ ನನ್ನ ಕೈ ತಾನಾಗಿ ಊಟದ ತಟ್ಟೆಯನ್ನು ಮುಚ್ಚುತ್ತದೆ. ಅವ್ವ ನೋಡಿಯೂ ನೋಡದಂತೆ ಇರುತ್ತಾಳೆ.

ಮುಸುಕಿನ ಜೋಳ ಒಣಗಿಸುವ ಯಂತ್ರ ಕೂರಿಸಲು ಕಂಪನಿ ನನ್ನನ್ನು ಆ ಗಡಿಯ ಊರಿಗೆ ಕಳಿಸಿತ್ತು. ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಕೊಯಮತ್ತೂರಿನ ಕಾರ್ಖಾನೆಯಲ್ಲಿ ದುಡಿದವನು ನಾನು. ಯಂತ್ರದ ಬಗ್ಗೆ ಹೆದರಿಕೆ ಇರಲಿಲ್ಲ. ಹೆದರಿಕೆಯೆಲ್ಲ ಊಟದ್ದು. ನಮ್ಮದು ಕೊರಳಿಗೆ ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಮೊದಲ ದಿನಗಳನ್ನು ಬಾಳೆಹಣ್ಣು, ಬಿಸ್ಕತ್ತು ಮತ್ತು ಅವ್ವ ಕಟ್ಟಿಕೊಟ್ಟಿದ್ದ ಕಡೂರಿನ ಕೊಬ್ಬರಿಯಲ್ಲಿ ಕಳೆದೆ.

ಒಂದು ಮಧ್ಯಾಹ್ನ ಹೊಳೆಯ ದಂಡೆಯ ಆ ಅಂಗಡಿಯ ಮುಂದೆ ನಿಂತು ಕೊಬ್ಬರಿ ಅಗಿಯುತ್ತಿದ್ದೆ. "ತಮಿನ್ ಸಾ ಪೀಬೀಲಾ?" ಎಂದು ಒಳಗಿನಿಂದ ಧ್ವನಿ ಬಂತು. ಅರ್ಥವಾಗದೆ ಮಿಕಮಿಕ ನೋಡಿದೆ. ಐವತ್ತು ದಾಟಿದ, ಕೆನ್ನೆಗೆ ಗಂಧದಂಥದ್ದು ಬಳಿದುಕೊಂಡ ಹೆಂಗಸು. ನನ್ನ ಮುಖ ನೋಡಿ ತಮಿಳಿಗೆ ತಿರುಗಿದಳು. ಅವಳು ಹುಟ್ಟಿದ ಬರ್ಮಾದ ಊರಿನಲ್ಲಿ ಅಕ್ಕಪಕ್ಕವೆಲ್ಲ ತಮಿಳರ ಮನೆಗಳಿದ್ದವಂತೆ. ಅವಳ ತಮಿಳು ಹರಕು, ನನ್ನದು ಕಾರ್ಖಾನೆಯ ತಮಿಳು; ಇಬ್ಬರಿಗೂ ಸಾಕಾಗಿತ್ತು. ಅವಳು ಕೇಳಿದ್ದು "ಊಟ ಆಯ್ತಾ" ಎಂದು. ಅವರಲ್ಲಿಯೂ ಎದುರಾದವರನ್ನು ಮಾತಾಡಿಸುವುದೇ ಹಾಗಂತೆ. ನಾಡು ಬಿಟ್ಟ ಮೇಲೆ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ಮಾಂಸ ಮೀನು ತಿನ್ನುವುದಿಲ್ಲವೆಂದೆ. "ಓ, ತೆತ್ತತ್ಲು!" ಎಂದಳು. ಜೀವ ತೆಗೆಯದ ಊಟ ಎಂದು ಅದರ ಅರ್ಥ. ಹುಣ್ಣಿಮೆಯ ದಿನ ಅವರಲ್ಲಿ ಬಹಳ ಮಂದಿ ಹಾಗೆಯೇ ಉಣ್ಣುತ್ತಾರಂತೆ. "ನಿನಗೆ ದಿನಾ ಹುಣ್ಣಿಮೆ ಅನ್ನು" ಎಂದು ನಕ್ಕು ಒಲೆ ಕಡೆ ತಿರುಗಿದಳು.

ಅವತ್ತು ಅವಳು ಬಡಿಸಿದ್ದು ಕಡಲೆಹಿಟ್ಟನ್ನು ಗಂಜಿಯಂತೆ ಬೇಯಿಸಿ, ಶ್ಯಾವಿಗೆಯ ಮೇಲೆ ಸುರಿದು, ಕರಿದ ಬೆಳ್ಳುಳ್ಳಿ ಉದುರಿಸಿದ್ದು. ಅದನ್ನು ತೋಹು ಎನ್ನುತ್ತಿದ್ದಳು. ಒಂದು ತುತ್ತಿಗೆ ಅವ್ವನ ಜುಣುಕ ನೆನಪಾಯಿತು. ಎರಡನೆಯದಕ್ಕೆ ಅದು ಜುಣುಕವಲ್ಲ, ಬೇರೆಯೇ ಏನೋ ಅನ್ನಿಸಿತು. ಅವಳ ನಾಡಿನ ಬೆಳಗಿನ ತಿಂಡಿ ಮೊಹಿಂಗಾ, ಮೀನಿನ ಸಾರು. ಅದರ ವಾಸನೆಗೆ ನಾನು ಬೆಂಚಿನ ತುದಿಗೆ ಸರಿಯುತ್ತಿದ್ದೆ. ಆದರೆ ಸಾರಿನಲ್ಲಿ ತೇಲುತ್ತಿದ್ದದ್ದು ಬಾಳೆದಿಂಡಿನ ಬಿಲ್ಲೆ. "ಇದನ್ನ ನಮ್ಮೂರಲ್ಲೂ ತಿಂತಾರೆ ಸಾನಕ್ಕ" ಎಂದದ್ದಕ್ಕೆ ಮರುದಿನ ಮೀನು ಬಿಟ್ಟು, ಹುರಿದ ಅಕ್ಕಿಪುಡಿ ಹಾಕಿ ನನಗೊಂದು ಪುಟ್ಟ ಪಾತ್ರೆ ಬೇರೆ ಇಟ್ಟಳು. ತೆಂಗಿನ ಹಾಲಿನ ಶ್ಯಾವಿಗೆಯನ್ನೂ ಕೋಳಿಯಿಲ್ಲದೆ ಮಾಡಿದಳು. "ಕೋಳಿ ಇಲ್ಲದ ಓನ್ನೋ ಖಾವ್‌ಸ್ವೆ ಮಾಡಿದೆ ಅಂತ ಯಾರಿಗಾದ್ರೂ ಹೇಳಿದ್ರೆ ನಿನ್ನನ್ನ ಹೊಳೆಗೆ ತಳ್ತೀನಿ" ಎಂದು ಬೆದರಿಸಿದಳು.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ನೆನಪಿಸುವುದು ಲಪೆಟ್. ಚಹಾದ ಎಲೆಯನ್ನು ಹುದುಗು ಬರಿಸಿ ತಿನ್ನುವುದು. ಅದಕ್ಕೆಂದೇ ಅವಳ ಹತ್ತಿರ ಕೆಂಪು ಅರಗಿನ ಬಣ್ಣದ ದುಂಡು ಡಬ್ಬಿಯಿತ್ತು, ನಮ್ಮ ಒಗ್ಗರಣೆ ಡಬ್ಬಿಯ ಹಾಗೆ ಒಳಗೆಲ್ಲ ಗೂಡುಗಳು. ನಡುವೆ ಎಲೆ, ಸುತ್ತ ಎಳ್ಳು, ಕಡಲೆಬೀಜ, ಕರಿದ ಕಾಳು, ಒಣ ಸಿಗಡಿ. ನನಗೆ ಕೊಡುವಾಗ ಸಿಗಡಿಯ ಗೂಡನ್ನು ತೊಳೆದು ಖಾಲಿ ಬಿಡುತ್ತಿದ್ದಳು.

"ಹಣ್ಣಲ್ಲಿ ಮಾವು, ಮಾಂಸದಲ್ಲಿ ಹಂದಿ, ಎಲೆಯಲ್ಲಿ ಲಪೆಟ್" ಎಂಬುದು ಅವರ ಗಾದೆ.

"ನಮ್ಮಲ್ಲಿ ಎಲೆ ಅಂದ್ರೆ ವೀಳ್ಯದೆಲೆ" ಎಂದೆ.

"ವೀಳ್ಯದೆಲೆ ತಿಂದ್ರೆ ಜಗಳ ಮುಗಿಯುತ್ತಾ?"

ಅವರಲ್ಲಿ ಮುಗಿಯುತ್ತದಂತೆ. ವ್ಯಾಜ್ಯವಾಡಿದ ಇಬ್ಬರೂ ಒಂದೇ ತಟ್ಟೆಯಿಂದ ಲಪೆಟ್ ತಿಂದರೆ ಆ ವ್ಯಾಜ್ಯವನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಹಳೆಯ ಕಾಲದ ಪದ್ಧತಿ. ಸಾನಕ್ಕ ಅದನ್ನು ಹಳೆಯದೆಂದು ತಿಳಿದಿರಲಿಲ್ಲ.

ಏಕೆಂದರೆ ಅವಳ ಸ್ವಂತ ಅಕ್ಕ ಹೊಳೆಯ ಆಚೆ ಕೂತಿದ್ದಳು. ಆಚೆಯ ಹಳ್ಳಿಗಳ ಮೇಲೆ ಬಾಂಬು ಬೀಳುತ್ತಿದ್ದುದರಿಂದ ಜನ ಮನೆ ಬಿಟ್ಟು ದಂಡೆಯಲ್ಲಿ ಟಾರ್ಪಾಲಿನ ಕೆಳಗೆ ಸೇರಿದ್ದರು. ದಾಟಬಲ್ಲವರು ದಾಟಿದರು. ಅಕ್ಕ ದಾಟಲಿಲ್ಲ. ಇವರ ತಾಯಿ ಸತ್ತಾಗ ಸಾನಕ್ಕ ಬರುವುದನ್ನು ಕಾಯದೆ ಅವಳು ಸಂಸ್ಕಾರ ಮುಗಿಸಿದ್ದಳು. ಸಾನಕ್ಕ ಊರ ಮುಂದೆ ಆಡಬಾರದ್ದನ್ನು ಆಡಿದ್ದಳು. "ನಿನ್ನ ಕೈಯಿಂದ ತಿನ್ನೋದಕ್ಕಿಂತ ಮಣ್ಣು ತಿಂತೀನಿ" ಎಂದಿದ್ದಳು ಅಕ್ಕ. ಅದೇ ಕೊನೆಯ ಮಾತು.

ಲಾರಿ ಟ್ಯೂಬುಗಳನ್ನು ಕಟ್ಟಿದ ತೆಪ್ಪದಲ್ಲಿ ಸಾನಕ್ಕ ಆಗಾಗ ಅನ್ನ ಹೊತ್ತು ಆಚೆ ಹೋಗುತ್ತಿದ್ದಳು. ಅಲ್ಲಿದ್ದವರೆಲ್ಲ ಉಣ್ಣುತ್ತಿದ್ದರು, ಅಕ್ಕ ಒಬ್ಬಳು ಬಿಟ್ಟು. ಲಪೆಟ್ ಡಬ್ಬಿಯನ್ನು ಅವಳ ಮುಂದಿಟ್ಟು ಕೂತು, ಹಾಗೆಯೇ ಎತ್ತಿಕೊಂಡು ಬರುತ್ತಿದ್ದಳು. ಬಂದು ನನ್ನ ಮುಂದೆ ಇಡುತ್ತಿದ್ದಳು. "ತಿನ್ನು ತಂಬಿ. ನಿನಗೂ ನನಗೂ ಜಗಳ ಇಲ್ಲ. ಮುಂದೆ ಆದ್ರೆ ಅದಕ್ಕೂ ಈಗಲೇ ತಿಂದಿಡೋಣ."

ನಮ್ಮ ಮನೆಯ ಕತೆಯನ್ನು ನಾನೂ ಹೇಳಿದ್ದೆ. ಅಪ್ಪನಿಗೂ ದೊಡ್ಡಪ್ಪನಿಗೂ ಹೊಲದ ಬದುವಿನ ವ್ಯಾಜ್ಯ. ತರೀಕೆರೆ ಕೋರ್ಟಿನಲ್ಲಿ ಕೇಸು. ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. "ಯಾವಾಗಿಂದ?" ಎಂದಳು. ನಾನು ಹುಟ್ಟುವ ಮುಂಚಿನಿಂದ ಎಂದೆ. ಡಬ್ಬಿ ತೋರಿಸಿ, "ಪಾಪ, ನಿಮ್ಮೂರಲ್ಲಿ ಇದು ಸಿಗಲ್ವಾ?" ಎಂದು ಕೇಳಿದಳು. ತಮಾಷೆಗಲ್ಲ.

ಅದೊಂದು ಹುಣ್ಣಿಮೆಯ ಬೆಳಿಗ್ಗೆ. ಅಕ್ಕ ಸಿಗಡಿ ಮುಟ್ಟುವುದಿಲ್ಲವೆಂದು ಸಾನಕ್ಕ ಆ ಗೂಡನ್ನು ತೊಳೆದಳು. ಖಾಲಿ ಗೂಡನ್ನು ಒಂದು ಗಳಿಗೆ ನೋಡಿ ನನ್ನ ಕಡೆ ಕೈ ಚಾಚಿದಳು. "ನಿಮ್ಮೂರಿನ ಕಾಯಿ ಉಳಿದಿದ್ಯಾ?" ನನ್ನ ಕೊಬ್ಬರಿಯ ಕೊನೆಯ ಗಿಟುಕನ್ನು ತೆಳ್ಳಗೆ ಹೆಚ್ಚಿ, ಹುರಿದು ತುಂಬಿದಳು. "ಇವತ್ತು ತಿಂತಾಳೆ ನೋಡು. ನನ್ನ ಮೇಲೆ ಸಿಟ್ಟು ಸರಿ. ಎಲ್ಲಿಂದಲೋ ಬಂದ ಕಾಯಿಯ ಮೇಲೆ ಅವಳಿಗೆಂಥ ಸಿಟ್ಟು?"

ಅವಳು ತೆಪ್ಪದಲ್ಲಿ ಆಚೆ ಹೋದಳು. ನಾನು ಈಚೆ ದಂಡೆಯಲ್ಲಿ ನಿಂತೆ. ಹೊಳೆ ಅಲ್ಲಿ ಅಗಲವಿಲ್ಲ. ಆಚೆಯ ಜನ ಚೆನ್ನಾಗಿ ಕಾಣುತ್ತಾರೆ. ಅಕ್ಕ ಮರದ ಕೆಳಗಿದ್ದಳು. ಸಾನಕ್ಕ ಎದುರಿಗೆ ಕೂತು ಡಬ್ಬಿ ತೆರೆದಳು. ತಿರುಗಿಸಿ ಕೊಬ್ಬರಿಯ ಗೂಡನ್ನು ಅಕ್ಕನ ಕಡೆ ಮಾಡಿದಳು. ಏನೋ ಹೇಳಿದಳು. ಅಕ್ಕ ಮೊದಲ ಸಲ ಬಗ್ಗಿ ಡಬ್ಬಿಯೊಳಗೆ ನೋಡಿದಳು. ಅವಳ ಕೈ ಮಂಡಿಯ ಮೇಲಿಂದ ಎದ್ದಿತು.

ಆಗ ಸದ್ದು ಬಂತು. ಆಚೆ ಉಳಿದವರೆಲ್ಲ ಎದ್ದು ಓಡಿದರು. ಸಾನಕ್ಕ ಓಡಲಿಲ್ಲ. ಮೊದಲು ಡಬ್ಬಿಗೆ ಮುಚ್ಚಳ ಹಾಕಿದಳು. ಅದನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು. ಆಮೇಲೆ ತಲೆ ಎತ್ತಿದಳು.

ನಾನು ಕೆಸರಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದೆ. ಎದ್ದಾಗ ಕಿವಿ ಕೇಳಿಸುತ್ತಿರಲಿಲ್ಲ. ಮರ ಇರಲಿಲ್ಲ. ಮರದ ಕೆಳಗೆ ಇದ್ದ ಅವರಿಬ್ಬರೂ ಇರಲಿಲ್ಲ.

ಸಂಜೆ ತೆಪ್ಪದವನು ಡಬ್ಬಿ ತಂದುಕೊಟ್ಟ. ಜೊಂಡಿನೊಳಗೆ ಸಿಕ್ಕಿತಂತೆ. ಅಂಗಡಿಯಲ್ಲಿ ಕೊಡಲು ಬೇರೆ ಯಾರೂ ಇರಲಿಲ್ಲ. ಒಂದು ಬದಿ ಸುಟ್ಟಿತ್ತು. ಮುಚ್ಚಳ ಬಿಗಿಯಾಗಿ ಕೂತಿತ್ತು. ಕಷ್ಟಪಟ್ಟು ತೆಗೆದೆ. ಒಳಗೆ ಎಲೆ, ಎಳ್ಳು, ಕಾಳು, ಕೊಬ್ಬರಿ ಎಲ್ಲ ಒಂದರಲ್ಲೊಂದು ಕಲಸಿಹೋಗಿತ್ತು. ಅಕ್ಕ ಅದರಲ್ಲಿ ಒಂದು ಚಿಟಿಕೆ ತೆಗೆದಿದ್ದಳೋ ಇಲ್ಲವೋ ಹೇಳುವಂತಿರಲಿಲ್ಲ. ಬಹಳ ಹೊತ್ತು ನೋಡಿದೆ. ಮತ್ತೆ ಮುಚ್ಚಿದೆ.

ಊರಿಗೆ ಹೊರಡುವಾಗ ಅಲ್ಲಿನ ಸಂತೆಯಲ್ಲಿ ಲಪೆಟ್‌ನ ಒಂದು ಪೊಟ್ಟಣ ಕೊಂಡೆ. ಕಡೂರು ಸ್ಟೇಷನ್ನಿಗೆ ಅಪ್ಪನೂ ಬಂದಿದ್ದ, ದೊಡ್ಡಪ್ಪನೂ ಬಂದಿದ್ದ. ಒಬ್ಬರು ಪ್ಲಾಟ್‌ಫಾರಂನ ಈ ತುದಿ, ಒಬ್ಬರು ಆ ತುದಿ. ನಡುವಿನ ಬೆಂಚಿನ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಇಬ್ಬರೂ ನನಗೋಸ್ಕರ ಹತ್ತಿರ ಬಂದರು.

"ಏನ್ಲಾ ಇದು, ಕೊಳ್ತೋಗಿರೋ ಸೊಪ್ಪು?" ಎಂದ ದೊಡ್ಡಪ್ಪ.

ಒಬ್ಬಳು ಹೇಳಿದ್ದಳು, ಇಬ್ಬರೂ ಒಂದೊಂದು ಚೂರು ತಿಂದರೆ ಜಗಳ ಮುಗಿದಂತೆ ಎಂದೆ.

ದೊಡ್ಡಪ್ಪ ನನ್ನ ತಲೆ ಸವರಿದ. "ಮಗಾ ಹೆದ್ರೈತೆ ಕಣಪ್ಪಾ. ಮಠಕ್ಕೆ ಕರ್ಕಂಡ್ ಹೋಗಿ ತಾಯ್ತ ಕಟ್ಟಿಸ್ಬೇಕು. ಅವ್ರಪ್ಪಂಗೆ ಹೇಳ್ಬೇಕು ಯಾರಾದ್ರೂ."

ಅಪ್ಪ ಅಲ್ಲೇ, ಒಂದು ಮಾರು ದೂರದಲ್ಲಿದ್ದ. ಅವನೂ ನನಗೇ ಹೇಳಿದ: "ಮುಂದಿನ ವಾರ ತರೀಕೆರೇಲಿ ತಾರೀಕೈತೆ ಕಣೋ. ಏನ್ ಮುಗಿಯಾದಿದ್ರೂ ಅಲ್ಲೇ ಮುಗೀಲಿ. ನಡಿ, ಬಸ್ ಹೋಗ್ಬಿಡ್ತದೆ."

ಪೊಟ್ಟಣ ಬೆಂಚಿನ ಮೇಲೆಯೇ ಉಳಿಯಿತು.

ಆ ತಾರೀಕು ಮುಂದಕ್ಕೆ ಹೋಯಿತು. ಡಬ್ಬಿ ನನ್ನ ಕೋಣೆಯ ಅಟ್ಟಣಿಗೆಯ ಮೇಲಿದೆ. ಯಾರನ್ನೂ ಮುಟ್ಟಗೊಟ್ಟಿಲ್ಲ, ನಾನೂ ಮತ್ತೆ ತೆರೆದಿಲ್ಲ. ಒಳಗಿನದೆಲ್ಲ ಒಣಗಿ ಹಿಡಿದುಕೊಂಡಿರಬೇಕು, ಅಲ್ಲಾಡಿಸಿದರೆ ಸದ್ದೇ ಬರುವುದಿಲ್ಲ. ತೆರೆದು ನೋಡಿದರೂ ನನಗೆ ಬೇಕಾದದ್ದು ಅದರಲ್ಲಿಲ್ಲ. ಅದು ಇರುವುದು ನನ್ನ ಕಣ್ಣಿನಲ್ಲಿ, ಮತ್ತು ಕಣ್ಣು ಸರಿಯಾದ ಗಳಿಗೆಗೆ ಸರಿಯಾಗಿ ಮಂಜಾಗುತ್ತದೆ. ಅಕ್ಕನ ಕೈ ಮಂಡಿಯ ಮೇಲಿಂದ ಏಳುತ್ತದೆ. ಡಬ್ಬಿಯ ಕಡೆ ಬರುತ್ತದೆ. ಸಾನಕ್ಕ ಮುಚ್ಚಳ ಹಾಕುತ್ತಾಳೆ.