ಕಲ್ಲಿನ ತಲೆ ತೋರುವ ಚುಕ್ಕಿ

ಸೋಲೂರಿನ ಹಾಲಿನ ಡೇರಿಯಲ್ಲಿ ಆಗಷ್ಟೇ ಕ್ಯಾನುಗಳ ಸದ್ದು ಶುರುವಾಗಿದೆ. ರಸ್ತೆಯ ಈಚೆ ಬದಿಯಲ್ಲಿ ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಬಟ್ಟೆಯಿಂದ ನೆಲದ ಮೇಲೆ ಉಳಿದ ಒಂದೊಂದೇ ಕಲ್ಲಿನ ಮಗ್ಗುಲು ಒರೆಸುತ್ತಾ ಬರುತ್ತಿದ್ದಾರೆ. ಮಣ್ಣು ಹೋದಲ್ಲಿ ಅವರದೇ ಉಳಿಯ ಬರಹ ಕಾಣುತ್ತದೆ: V ix. ಐದನೇ ವರಸೆಯ, ಅಂದರೆ ಕೆಳಗಿನಿಂದ ಐದನೇ ಸಾಲಿನ, ಒಂಬತ್ತನೇ ಕಲ್ಲು ಎಂದರ್ಥ.

ರಸ್ತೆ ಅಗಲವಾಗುವಾಗ ಆಚೆ ಬದಿಯ ಹಳೆಯ ಕಲ್ಲುಮಂಟಪವನ್ನು ಬಿಚ್ಚಿ ಈಚೆಗೆ ತಂದಿದ್ದಾರೆ. ಬಿಚ್ಚುವಾಗ ಪಕ್ಕದ ಕಲ್ಲು ಸರಿದೊಡನೆ ತೆರೆದುಕೊಂಡ ಮಗ್ಗುಲಲ್ಲಿ ಪ್ರತಿ ಕಲ್ಲಿಗೂ ಗುರುತು ಕೊರೆದವರು ಕನಕಪುರದ ಈ ಹೆಂಗಸು. ಜೋಡಿಸುವವರು ಅವರ ಗಂಡ ಕೃಷ್ಣಪ್ಪ. ಇವತ್ತು ಈ ಕೊನೆಯ ವರಸೆ ಕೂತು, ಅದರ ಮೇಲೆ ಚಾವಣಿಯ ಚಪ್ಪಡಿ ಏರಬೇಕು. ಕೆಳಗೆಲ್ಲೋ ಒಂದು ಗುರುತು ತಪ್ಪಿದ್ದರೂ ಚಪ್ಪಡಿ ಅಟ್ಟಣಿಗೆಯ ಮೇಲೆ ನಿಂತ ಕೃಷ್ಣಪ್ಪನವರ ಮೈಮೇಲೇ ಜಾರುತ್ತದೆ.

ಬಣ್ಣದಲ್ಲಿ ಬರೆದರೆ ಹಗ್ಗ ಉಜ್ಜಿ ಅಳಿಸಿಹೋಗುತ್ತದೆ. ಕನ್ನಡ ಅಂಕಿ ಯಾಕಾಗದು? "ನಮ್ಮಂಕಿ ಎಲ್ಲಾ ಗುಂಡುಗುಂಡ್ಗವೆ. ಉಳಿ ತಿರುಗ್ಸಕ್ಕೋದ್ರೆ ಚಕ್ಕೆ ಎದ್ಬುಡ್ತದೆ. ಇವಾದ್ರೆ ನೆಟ್ಟಗೆ ಗೀಟು ಎಳುದ್ರೆ ಆಯ್ತು," ಎಂದು ನಗುತ್ತಾರೆ. ದೊಡ್ಡಕ್ಷರದ ರೋಮನ್ ಅಂಕಿ ಕಲಿತದ್ದು ಕ್ವಾರಿ ಆಫೀಸಿನ ಗೋಡೆ ಗಡಿಯಾರ ನೋಡಿ. ಸಣ್ಣಕ್ಷರದ್ದು ಮಗಳು ಚೈತ್ರಾಳ ಪ್ರಶ್ನೆಪತ್ರಿಕೆಯಿಂದ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಮಾಗಡಿ ಕಡೆಯ ಒಂದೂರಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಕೊರೆದಿದ್ದರು. ಹೊಸ ಜಾಗಕ್ಕೆ ತಂದು ಇಳಿಸುವಾಗ ಎರಡು ಕಲ್ಲು ತಲೆಕೆಳಗಾಗಿ ಬಿದ್ದವು. IX ಹೋಗಿ XI ಆಯಿತು, XI ಹೋಗಿ IX ಆಯಿತು. ಅದಲುಬದಲಾದ ಕಲ್ಲುಗಳ ಮೇಲಿಟ್ಟ ಚಪ್ಪಡಿ ಜಾರಿ ಕೃಷ್ಣಪ್ಪನವರ ಪಾದ ಜಜ್ಜಿತು. ಇಂದಿಗೂ ಕುಂಟುತ್ತಾರೆ. "ಒಂದ್ ಮಾತೂ ಅನ್ನಲಿಲ್ಲ ಅವ್ರು. ಬೈದಿದ್ರೆ ಒಸಿ ಹಗುರಾಗೋದು," ಎನ್ನುವಾಗ ಬೈರಮ್ಮನ ದನಿ ಇಳಿಯುತ್ತದೆ.

ಅಂದಿನಿಂದ ವರಸೆಗೆ ದೊಡ್ಡಕ್ಷರ, ಕಲ್ಲಿಗೆ ಸಣ್ಣಕ್ಷರ. ಸಣ್ಣ i ಮೇಲೊಂದು ಚುಕ್ಕಿ ಇರುತ್ತದಲ್ಲ, ಅದು ಉಳಿಯ ಮೊನೆಗೆ ಒಂದೇ ಏಟು. ಚುಕ್ಕಿ ಇರುವ ಕಡೆಯೇ ಕಲ್ಲಿನ ತಲೆ. ಚುಕ್ಕಿ ಇಲ್ಲದ v, x ಮೇಲೂ ಬೈರಮ್ಮ ಒಂದನ್ನು ಇಟ್ಟೇಬಿಡುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ, ಈ ಬುದ್ಧಿಗೆ ಕೈಮುಗಿಯಬೇಕು.

"ಬಿಚ್ಚಿದ್ ಕಲ್ಲು ಮತ್ತೆ ಕೂಡ್ತದೇನವ್ವ?" ಊರಿನ ಹಿರಿಯ ಬೋರಲಿಂಗಯ್ಯನವರಿಗೆ ಇನ್ನೂ ಅನುಮಾನ.

"ಒಸಿ ತಡೀರಿ ಗೌಡ್ರೇ."

ಕ್ರೇನು ಚಪ್ಪಡಿ ಎತ್ತುತ್ತದೆ. ಕೃಷ್ಣಪ್ಪ ಅಟ್ಟಣಿಗೆಯ ಮೇಲಿಂದ ಕೈಸನ್ನೆ ಮಾಡುತ್ತಾರೆ, ಎಡಕ್ಕೆ, ಮತ್ತೆ ಒಸಿ ಬಲಕ್ಕೆ. ಬೈರಮ್ಮನ ಕಣ್ಣು ಚಪ್ಪಡಿಯ ಮೇಲಿಲ್ಲ, ಗಂಡನ ಪಾದದ ಮೇಲಿದೆ. ಚಪ್ಪಡಿ ಅಲುಗದೆ ಕೂರುತ್ತದೆ. ಕೃಷ್ಣಪ್ಪ ನಿಧಾನವಾಗಿ ಇಳಿದು ಬಂದು, ಹೆಂಡತಿಯ ಕೈಯಿಂದ ನೀರಿನ ಚೊಂಬು ಇಸಿದುಕೊಳ್ಳುತ್ತಾರೆ. ಬೈರಮ್ಮ ಆಗಲೇ ಉಸಿರು ಬಿಡುವುದು.

ಬೋರಲಿಂಗಯ್ಯ ಮಂಟಪಕ್ಕೆ ಒಂದು ಸುತ್ತು ಬರುತ್ತಾರೆ. "ಇಷ್ಟೆಲ್ಲಾ ಬರ್ದೆ, ಒಂದೂ ಕಾಣಾಕಿಲ್ವಲ್ಲವ್ವ?"

"ಕಾಣಬಾರ್ದು ಗೌಡ್ರೇ," ಬೈರಮ್ಮ ಉಳಿಗಳನ್ನು ಚೀಲಕ್ಕೆ ತುಂಬುತ್ತಾ ಹೇಳುತ್ತಾರೆ. "ನನ್ ಬರಹ ಕಂಡ್ರೆ ಎಲ್ಲೋ ಕಲ್ಲು ಸರ್ಯಾಗಿ ಕೂತಿಲ್ಲ ಅಂತ್ಲೇ."