ಹೆಣ್ಣು ನೋಡಲು ಹೋದ ಹೊಟ್ಟೆ

ಪಕ್ಕದ ಮನೆಯವರು ಓಂಕಾಳು ಹುರಿಯುತ್ತಿದ್ದಾರೆ. ಆ ಘಾಟು ಕಿಟಕಿ ದಾಟಿ ಬಂದರೆ ಸಾಕು, ನನಗೆ ಬೇಗೂರಿನ ಒಂದು ನಡುಮನೆ ನೆನಪಾಗುತ್ತದೆ. ನಾನು ಹೆಣ್ಣು ನೋಡಲು ಹೋಗಿದ್ದ ಮನೆ ಅದು. ಅಂದು ಸೋದರತ್ತೆ ಓಂಕಾಳಿನ ಕಷಾಯ ಕುಡಿಸಿಯೇ ನನ್ನನ್ನು ಹೊರಡಿಸಿದ್ದಳು.

ಆಗ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನನ್ನ ಹೊಟ್ಟೆಯ ಸ್ವಭಾವವನ್ನು ನಿಮಗೆ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಗಬೇಕಾದ್ದೇನು? ಆಡಿಟ್ ಬಂತೆಂದರೆ ಹಿಂಡಿ ಓಡಿಸುತ್ತಿತ್ತು. ಮುಗಿದ ಮರುವಾರ ಮುಷ್ಕರ ಹೂಡಿ ಕೂರುತ್ತಿತ್ತು. ನಡುನಡುವೆ ತಮಟೆಯಂತೆ ಉಬ್ಬುವುದು ಬೇರೆ. ಅತ್ತೆ ಅದನ್ನು ದೃಷ್ಟಿ ಎನ್ನುತ್ತಿದ್ದಳು, ನಾನು ಕ್ಯಾಂಟೀನಿನ ಸಾಂಬಾರು ಎನ್ನುತ್ತಿದ್ದೆ. ತಿಂಗಳುಗಟ್ಟಲೆ ಇಬ್ಬರೂ ಪಟ್ಟು ಬಿಡಲಿಲ್ಲ.

ಬೇಗೂರಿನಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಬಂತು. ಹುಡುಗಿ ಬರುವ ಮೊದಲೇ ಹೊಟ್ಟೆ ಹಿಂಡಿತು. ಎದ್ದು ಹೋದೆ. ಬಂದೆ. ಮತ್ತೆ ಹೋದೆ. ತಟ್ಟೆ ಮುಟ್ಟದಿದ್ದರೆ ಹೆಣ್ಣು ಒಪ್ಪಿಗೆಯಿಲ್ಲವೆಂದೇ ಆ ಮನೆಯವರ ಲೆಕ್ಕ. ಹುಡುಗಿಯ ಅಜ್ಜಿ ನನಗೆ ಕೇಳಿಸುವಂತೆಯೇ ಅಂದರು: "ಇಂಗೆ ಎದ್ದೆದ್ದು ಓಗ್ತಾವ್ನಲ್ಲ, ಒಪ್ಗೆ ಇಲ್ದಿದ್ರೆ ಬಾಯ್ಬಿಟ್ಟು ಏಳ್ಲಿ!"

ಅತ್ತೆ ಬೆವತಳು. ನನಗೋ, ಫೋಟೊದಲ್ಲೇ ಮನಸ್ಸಿಗೆ ಬಂದಿದ್ದ ಹುಡುಗಿ ಕೈತಪ್ಪಿಹೋಗುವ ಭಯ. ಭಯ ಹೆಚ್ಚಿದಷ್ಟೂ ಹೊಟ್ಟೆಗೆ ಹಬ್ಬ.

ಕೊನೆಗೆ ನಮ್ಮಿಬ್ಬರನ್ನೇ ಮಾತಾಡಿಕೊಳ್ಳಲು ಮಹಡಿಗೆ ಕಳಿಸಿದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದ ಆಕೆ ನನ್ನ ಹವ್ಯಾಸ ಕೇಳಲಿಲ್ಲ.

"ಹೋಗ್ಬಂದ್ಮೇಲೆ ನೋವು ಕಮ್ಮಿ ಆಗುತ್ತಾ?"

ನೆಲ ನೋಡುತ್ತಾ "ಹ್ಞೂಂ" ಎಂದೆ.

"ಟೆನ್ಷನ್ ಆದಾಗ ಜಾಸ್ತೀನಾ? ರಕ್ತ ಹೋಗೋದು, ಸಣ್ಣ ಆಗೋದು ಏನಾದ್ರೂ ಇದ್ಯಾ?"

"ರಕ್ತ ಇಲ್ಲ. ಸಣ್ಣ? ನನ್ನ ನೋಡಿದ್ರೆ ಹಂಗನ್ಸುತ್ತೇನ್ರೀ?"

ಆಕೆ ನಕ್ಕಳು. "ಹಂಗಾದ್ರೆ ನಂದೇ ಥರ ಇರ್ಬೇಕು. ನಂಗೆ ಐಬಿಎಸ್ ಅಂದ್ರು ಡಾಕ್ಟ್ರು. ಕರುಳಲ್ಲಿ ಗಾಯ ಏನಿಲ್ವಂತೆ, ಅದಕ್ಕೆ ಸಿಡುಕು ಜಾಸ್ತಿ ಅಷ್ಟೆ. ಆದ್ರೂ ನೀವು ತೋರಿಸ್ಕೊಳ್ಳಿ, ನನ್ ಮಾತು ನಂಬ್ಕೊಂಡು ಕೂರ್ಬೇಡಿ." ಮೆಟ್ಟಿಲಿಳಿಯುವಾಗ ತಿರುಗಿ ನಿಂತು ಸೇರಿಸಿದಳು: "ಮತ್ತೆ, ಮನೆ ನೋಡುವಾಗ ಎರಡು ಬಾತ್‌ರೂಮ್ ಇರೋದೇ ನೋಡಿ."

ಅಷ್ಟು ಸ್ಪಷ್ಟವಾದ ಒಪ್ಪಿಗೆಯನ್ನು ನಾನು ಇಂದಿಗೂ ಯಾರ ಬಾಯಲ್ಲೂ ಕೇಳಿಲ್ಲ. ವೈದ್ಯರೂ ಪರೀಕ್ಷಿಸಿ ಆಕೆ ಹೇಳಿದ್ದನ್ನೇ ಹೇಳಿದರು, ಬಾತ್‌ರೂಮಿನ ಮಾತೊಂದನ್ನು ಬಿಟ್ಟು.

ಈಗ ಯಾರ ಮನೆಗೆ ಹೋದರೂ "ಹೊಟ್ಟೆ ಸ್ವಲ್ಪ ಸಿಡುಕು" ಎಂದು ಕೂತ ಕೂಡಲೇ ಹೇಳಿಬಿಡುತ್ತೇನೆ. ನಂಬಿ, ಪ್ರತಿ ಸಲವೂ ಒಬ್ಬರಲ್ಲ ಒಬ್ಬರು ಮೆಲ್ಲಗೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸುತ್ತಾರೆ:

"ಸಾರ್, ನಿಮಗೂನಾ?"