ಅವ್ವ ಸುರಿದ ನಲವತ್ತೆರಡು ಮಿಲಿಮೀಟರ್

ಕುದೇರಿನ ಚಿಕ್ಕಮಾದಯ್ಯನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಊರ ಹೊರಗಿನ ಮಳೆಮಾಪಕದ ಬೇಲಿಗೆ ಯಾರಾದರೂ ಎಮ್ಮೆ ಕಟ್ಟಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ ಬೇಲಿಯ ಬೀಗ ತೆಗೆದು, ಡಬ್ಬಿಯಲ್ಲಿ ಬಿದ್ದ ನೀರನ್ನು ಅಳತೆ ಗಾಜಿಗೆ ಸುರಿದು ಪುಸ್ತಕದಲ್ಲಿ ಬರೆದವನು ಅವನು. ಮಗಳ ಮದುವೆಯ ದಿನವೂ ಧಾರೆಗೆ ಮೊದಲು ಓಡಿಹೋಗಿ ಅಳೆದು ಬಂದಿದ್ದ. ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ.

೧೯೯೭ರ ಡಿಸೆಂಬರಿನಲ್ಲಿ ಅವನ ಸಿಟ್ಟು ಜಪಾನಿನವರೆಗೂ ಹೋಯಿತು. ಕ್ಯೋಟೋ ಎಂಬ ಊರಿನಲ್ಲಿ ದೇಶದೇಶದವರು ಕೂತು, ಯಾರು ಎಷ್ಟು ಹೊಗೆ ಕಡಿಮೆ ಮಾಡಬೇಕೆಂದು ಚೌಕಾಸಿ ನಡೆಸಿದ್ದಾರೆಂದು ರೇಡಿಯೋ ಹೇಳುತ್ತಿತ್ತು. ಅದೇ ವಾರ ಮೈಸೂರಿನಿಂದ ಶಿವರಂಜಿನಿ ಎಂಬ ಸಂಶೋಧಕಿ ಅವನ ಪುಸ್ತಕ ಕೇಳಿಕೊಂಡು ಬಂದಳು. ದಾರಿ ತೋರಿಸಲು ಚಾಮರಾಜನಗರದ ತಾಲ್ಲೂಕು ಕಚೇರಿಯ ಗುಮಾಸ್ತ ನಾಗೇಂದ್ರ ಜೊತೆಗಿದ್ದ.

"ಈ ಹೊಗೆಯಿಂದ ಭೂಮಿ ಬಿಸಿಯಾಗಿ, ಉತ್ತರ ಧ್ರುವದಲ್ಲಿ ಸಮುದ್ರದ ಮೇಲಿನ ಮಂಜುಗಡ್ಡೆ ಕರಗ್ತಾ ಇದೆ" ಎಂದಳು ಶಿವರಂಜಿನಿ. "ಬಿಳಿ ಮಂಜು ಬಿಸಿಲನ್ನ ವಾಪಸ್ ಕಳಿಸುತ್ತೆ. ಅದು ಕರಗಿದ ಕಡೆ ಕಪ್ಪು ನೀರು ಬಿಸಿಲನ್ನೆಲ್ಲ ಹೀರ್ಕೊಳ್ಳುತ್ತೆ. ಅದ್ರಿಂದ ನಮ್ಮ ಮಳೆಗೂ ಏನಾದ್ರೂ ಆಗ್ತಿದೆಯಾ ಅಂತ ನೋಡ್ಬೇಕು. ಅದಕ್ಕೆ ನಿಮ್ಮಂಥವರು ಬರೆದಿಟ್ಟ ನಿಜವಾದ ಅಳತೆ ಬೇಕು."

ಚಿಕ್ಕಮಾದಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ಹೊಗೆ ಬುಟ್ಟೋರು ಎಲ್ಲೋ ಅವ್ರೆ. ಕೆಡೋದು ನಮ್ಮ ಮಳೆನಾ?"

ಹಾಳೆ ತಿರುವುತ್ತಿದ್ದ ಅವಳು ೧೯೮೨ರ ಜುಲೈನ ಒಂದು ದಿನದ ಲೆಕ್ಕದಲ್ಲಿ ನಿಂತಳು. "ಅವತ್ತು ಚಂದಕವಾಡಿ, ಚಾಮರಾಜನಗರ ಎಲ್ಲಾ ಕಡೆ ಸೊನ್ನೆ. ಇಲ್ಲಿ ಮಾತ್ರ ನಲವತ್ತೆರಡು ಮಿಲಿಮೀಟರ್. ನಿಜಾನಾ?"

ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಆ ವರ್ಷ ಮಳೆ ಕೈಕೊಟ್ಟು, ಹೆಂಗಸರು ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಯಲ್ಲೂ ಅವನ ಮೇಲೆ ನೀರು ಹುಯ್ಯಿಸಿದ್ದರು. ಅವನ ತಾಯಿ ದೊಡ್ಡಮಾದಮ್ಮ ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು ಹೋಗಿ, ಒಂದು ಚೊಂಬು ನೀರನ್ನು ಭಕ್ತಿಯಿಂದ ಡಬ್ಬಿಗೂ ಸುರಿದಿದ್ದಳು. "ಇದು ಸರ್ಕಾರದ ಮಳೆರಾಯ ಕಣ್ಲಾ, ಇವ್ನ ಮರ್ತರೆ ಆದದಾ?" ಎಂದಿದ್ದಳು. ಬೀಗದ ಕೈ ಬೇರೆಯವರಿಗೆ ಸಿಗುವಂತೆ ಇಟ್ಟಿದ್ದನೆಂದು ಗೊತ್ತಾದರೆ ಕೆಲಸ ಹೋಗುತ್ತದೆಂದು ಹೆದರಿ, ಅವನು ಡಬ್ಬಿಯಲ್ಲಿದ್ದದ್ದನ್ನೇ ಬರೆದು ರುಜು ಹಾಕಿದ್ದ.

ಈಗ ಅದನ್ನೆಲ್ಲ ಬಾಯಿಬಿಟ್ಟು ಹೇಳಿದ.

"ಬುಡು ಮಾದಯ್ಯ" ಎಂದು ನಾಗೇಂದ್ರ ಅವನ ತೋಳು ಹಿಡಿದ. "ಮಳೆ ಬಂದಿತ್ತು ಅನ್ನು, ಮುಗೀತು. ಒಂದು ಸುಳ್ಳು ಅಂದ್ರೆ ಇಪ್ಪತ್ತಾರು ವರ್ಷದ್ದೂ ಸುಳ್ಳು ಅಂದ್ಬುಡ್ತಾರೆ."

ಅದೂ ನಿಜವೇ. ಆ ಪುಸ್ತಕ ಬಿಟ್ಟರೆ ಚಿಕ್ಕಮಾದಯ್ಯ ತನ್ನದೆಂದು ಹೇಳಿಕೊಳ್ಳುವಂಥದ್ದು ಇನ್ನೇನಿತ್ತು? ಅವನು ತೋಳು ಕೊಡವಿ ನಾಗೇಂದ್ರನ ಜೇಬಿನಿಂದ ಪೆನ್ನು ಕಿತ್ತುಕೊಂಡ. ನಲವತ್ತೆರಡರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದ: ಇದು ಮಳೆಯಲ್ಲ, ನಮ್ಮವ್ವ ಸುರಿದ ನೀರು, ತಪ್ಪು ನನ್ನದು. ಕೆಳಗೆ ತಿದ್ದಿದ ದಿನದ ತಾರೀಖು ಹಾಕಿ ರುಜು ಮಾಡಿದ. ಸಿಟ್ಟು ಮಾತ್ರ ಇಳಿದಿರಲಿಲ್ಲ. ನಾಗೇಂದ್ರನ ಮೇಲೆ, ತನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಜಪಾನಿನ ಸಭೆಯ ಮೇಲೆ.

"ತಕ್ಕೊಂಡೋಗಿ ಅಮ್ಮಾವ್ರೆ, ಬೇಕಾದ್ರೆ ಎಲ್ಲಾ ಸುಳ್ಳು ಅನ್ನಿ" ಎಂದು ಪುಸ್ತಕವನ್ನು ಅವಳ ಕೈಗೆ ತುರುಕಿದ. "ಒಂದು ಚೊಂಬು ನೀರಿನ ತಪ್ಪ ನಾನು ಒಪ್ಕಂಡು ರುಜು ಹಾಕಿವ್ನಿ. ಲೋಕದ ಮಂಜೆಲ್ಲ ಕರಗಿಸ್ದೋರು ಇನ್ನೂ ಚೌಕಾಸಿ ಮಾಡ್ತಾ ಕುಂತವ್ರಲ್ಲ, ಅವ್ರ ಕೈಲಿ ರುಜು ಹಾಕ್ಸೋರು ಯಾರು?"